ತಮ್ಮನ ಬೆರಳಿಗೆ ಪೇಂಟ್ ಸ್ಪ್ರೇ ಗನ್ ಹೊಡೆದಿದೆ, ಸೂಜಿಮೊನೆಯಷ್ಟೇ ಗಾಯ. ನಾಳೆ ತೋರಿಸಿದರೆ ಸಾಕಾ?

ಸಾಕಾಗಲ್ಲ. ತಮ್ಮನನ್ನು ಈಗಲೇ ಆಸ್ಪತ್ರೆಗೆ ಹೊರಡಿಸಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಏರ್‌ಲೆಸ್ ಮೆಷಿನ್ನಿನ (ಗಾಳಿ ಬೆರೆಸದೆ ಭಾರಿ ಒತ್ತಡದಲ್ಲಿ ಪೇಂಟ್ ಚಿಮ್ಮಿಸುವ ಯಂತ್ರ) ಟಿಪ್, ಅಂದರೆ ಪೇಂಟ್ ಹೊರಬರುವ ತುದಿ, ಒರೆಸುವಾಗ ಎಡಗೈ ತೋರುಬೆರಳಿಗೆ ಪೇಂಟ್ ಹೊಡೆಯಿತು, ರಕ್ತ ಬಂದಿಲ್ಲ, ನೋವೂ ಅಷ್ಟಿಲ್ಲ ಅಂತ ಬರೆದಿದ್ದೀರಿ. ಆ ನೋವಿಲ್ಲದ ಹೊತ್ತೇ ಬೆರಳನ್ನು ಕಳೆಯುವುದು.

ನಾನು ಪೀಣ್ಯದ ಶೆಡ್ಡೊಂದರಲ್ಲಿ ಕಬ್ಬಿಣದ ತೊಲೆಗಳಿಗೆ ಎಪಾಕ್ಸಿ ಪೇಂಟ್ ಹೊಡೆಯುತ್ತಿದ್ದೆ. ಜೊತೆಗಾರನಿಗೆ ಇದೇ ಬೆರಳಿಗೆ, ಹೀಗೇ ಆಯಿತು. ‘ಏನಿಲ್ಲ ಬಿಡಣ್ಣ’ ಅಂತ ಥಿನ್ನರ್‌ನಲ್ಲಿ ಒರೆಸಿ ಟೇಪ್ ಸುತ್ತಿಕೊಂಡ. ಕ್ಲಿನಿಕ್ಕಿನಲ್ಲಿ ಟಿಟಿ ಚುಚ್ಚಿ, ಮಾತ್ರೆ ಕೊಟ್ಟು ಕಳಿಸಿದರು. ನಡುರಾತ್ರಿ ಫೋನ್ ಬಂತು, ನೋವಿಗೆ ಅಳುತ್ತಿದ್ದ. ಬೆಳಿಗ್ಗೆ ಸರ್ಜನ್ ಕೊಯ್ದು ನೋಡಿದರೆ ಪೇಂಟ್ ಅಂಗೈವರೆಗೆ ಹರಿದಿತ್ತು. ಎರಡು ಗೆಣ್ಣು ತೆಗೆದರು. ಸಂಜೆಯೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಬೇಕಿತ್ತು ನಾನು.

ಚರ್ಮ ತೂರಲು 100 ಪಿಎಸ್‌ಐ ಸಾಕು, ಹೆಚ್ಚುಕಡಿಮೆ ಲಾರಿ ಟೈರಿನ ಒತ್ತಡ. ಏರ್‌ಲೆಸ್ ಮೆಷಿನ್ 3000ದ ಆಸುಪಾಸು ಓಡುತ್ತದೆ. ಒಳಹೊಕ್ಕ ಪೇಂಟ್ ನರದ ಗುಂಟ ಮೇಲಕ್ಕೆ ಸರಿಯುತ್ತದೆ, ಮಾಂಸ ಸುಡುತ್ತದೆ, ಊತ ಬಂದು ರಕ್ತದ ಓಟ ನಿಲ್ಲುತ್ತದೆ. ಥಿನ್ನರ್ ಬೆರೆತ ಪೇಂಟಾದರೆ ಇನ್ನೂ ಕೆಟ್ಟದ್ದು. ಸುಮಾರು 6 ಗಂಟೆಯೊಳಗೆ ಕೊಯ್ದು ತೊಳೆದರೆ ಬೆರಳು ಉಳಿಯುವ ಆಸೆ ಹೆಚ್ಚು.

ಸಣ್ಣ ಕ್ಲಿನಿಕ್ ಬೇಡ. ಪ್ಲಾಸ್ಟಿಕ್ ಸರ್ಜನ್ ಅಥವಾ ಕೈ ಸರ್ಜನ್ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ. ‘ಗಾಯ’ ಅಂದರೆ ಬೆಂಚಿನ ಮೇಲೆ ಕೂರಿಸುತ್ತಾರೆ. ‘ಹೈ ಪ್ರೆಶರ್ ಇಂಜೆಕ್ಷನ್ ಇಂಜುರಿ, ಪೇಂಟ್ ಒಳಗಿದೆ’ ಅಂತಲೇ ಹೇಳಿ. ಪೇಂಟ್, ಹಾರ್ಡ್‌ನರ್, ಥಿನ್ನರ್ ಡಬ್ಬಿಗಳ ಲೇಬಲ್ ಫೋಟೊ ತೆಗೆದುಕೊಳ್ಳಿ. ಉಂಗುರ ಬಿಚ್ಚಿಸಿ, ಕೈ ಎತ್ತಿ ಹಿಡಿಯಲಿ. ಐಸ್ ಇಡಬೇಡಿ, ಹಿಂಡಬೇಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಇಎಸ್‌ಐ ಕಾರ್ಡ್ ಇದ್ದರೆ ಜೊತೆಗಿರಲಿ, ಆದರೆ ಇಎಸ್‌ಐ ಆಸ್ಪತ್ರೆ ದೂರ ಅಂತ ಹೊತ್ತು ಕಳೆಯಬೇಡಿ. ಕೆಲಸದಲ್ಲಿ ಆದ ಗಾಯ ಅಂತ ಕೇಸ್ ಶೀಟಿನಲ್ಲಿ ಬರೆಸಿ. ರಜೆಯ ದಿನಗಳಿಗೆ ಸಂಬಳದ 90% ಇಎಸ್‌ಐ ಕೊಡುತ್ತದೆ.

ಶೆಡ್ಡಿನಲ್ಲಿ ಉಳಿದವರಿಗೂ ತಿಳಿಸಿ: ಮೆಷಿನ್ ಆಫ್ ಮಾಡಿ, ಬಕೆಟ್ಟಿಗೆ ಟ್ರಿಗರ್ ಒತ್ತಿ ಪ್ರೆಶರ್ ಪೂರ್ತಿ ಇಳಿಸಿ, ಲಾಕ್ ಹಾಕಿದ ಮೇಲಷ್ಟೇ ಟಿಪ್ ಮುಟ್ಟಬೇಕು. ಗ್ಲೌಸ್ ಇದನ್ನು ತಡೆಯಲ್ಲ.

ಡಾಕ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.