ಮಂಗಳೂರಿನಿಂದ ಬ್ರಿಟನ್ನಿಗೆ ನರ್ಸ್ ಕೆಲಸಕ್ಕೆ: ಅಲ್ಲಿಯ ಟೀವಿ ಹೇಗೆ, ಲೈಸೆನ್ಸ್ ಬೇಕೇ, ಕನ್ನಡ ಸಿಗುತ್ತದೆಯೇ?

ಮ್ಯಾಂಚೆಸ್ಟರಿಗೆ ನರ್ಸ್ ಆಗಿ ಹೊರಟಿದ್ದೀರಿ. ಮನೆಯ ಟೀವಿಯನ್ನು ಕೊಂಡೊಯ್ಯಬಹುದೇ, ಟೀವಿ ನೋಡಲೂ ಲೈಸೆನ್ಸ್ ಬೇಕೆನ್ನುವುದು ನಿಜವೇ, ಕನ್ನಡ ಧಾರಾವಾಹಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಅಲ್ಲಿಯ ಟೀವಿ ನೋಡಿ ಏನಾದರೂ ಪ್ರಯೋಜನ ಉಂಟೇ ಎಂದೂ ಕೊನೆಗೆ ಸೇರಿಸಿದ್ದೀರಿ. ನನ್ನ ಮಟ್ಟಿಗೆ ಆ ಕೊನೆಯ ಪ್ರಶ್ನೆಯೇ ದೊಡ್ಡದು. ಆದರೆ ದುಡ್ಡಿನ ವಿಷಯ ಮೊದಲು ಮುಗಿಸುವ.

ಲೈಸೆನ್ಸ್ ನಿಜ. ನಮ್ಮಲ್ಲೂ 1980ರ ದಶಕದ ಮಧ್ಯದವರೆಗೆ ಅಂಚೆ ಕಚೇರಿಗೆ ಹೋಗಿ ರೇಡಿಯೊ, ಟೀವಿ ಲೈಸೆನ್ಸ್ ಕಟ್ಟುತ್ತಿದ್ದರು, ಮನೆಯ ಹಿರಿಯರನ್ನು ಕೇಳಿ ನೋಡಿ. ಬ್ರಿಟನ್ನಿನಲ್ಲಿ ಅದು ಇವತ್ತಿಗೂ ಇದೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 174.50 ಪೌಂಡ್ ಆಗಿತ್ತು. ದರ ಬದಲಾಗುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ, ಹಾಗಾಗಿ ಹೋಗುವಾಗಿನ ದರವನ್ನು ನೋಡಿಕೊಳ್ಳಿ.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿ: ಮನೆಯಲ್ಲಿ ಟೀವಿ ಇದೆ ಎಂದ ಮಾತ್ರಕ್ಕೆ ಲೈಸೆನ್ಸ್ ಬೇಕಾಗುವುದಿಲ್ಲ, ಟೀವಿ ಇಲ್ಲ ಎಂದ ಮಾತ್ರಕ್ಕೆ ತಪ್ಪುವುದೂ ಇಲ್ಲ. ಯಾವುದೇ ಚಾನೆಲ್ ಅನ್ನು ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡಿದರೆ ಅಥವಾ ರೆಕಾರ್ಡ್ ಮಾಡಿದರೆ ಬೇಕು. ಬಿಬಿಸಿಯ ಐಪ್ಲೇಯರ್ ಆಪ್‌ನಲ್ಲಾದರೆ ಹಳೆಯ ಕಾರ್ಯಕ್ರಮಕ್ಕೂ ಬೇಕು. ಫೋನ್, ಲ್ಯಾಪ್‌ಟಾಪ್ ಎಂದು ವಿನಾಯಿತಿ ಇಲ್ಲ. ಬೇರೆ ದೇಶದ ಚಾನೆಲ್ ಆದರೂ ಲೈವ್ ಎಂದರೆ ಲೈವ್. ಅಂದರೆ ಕನ್ನಡ ವಾರ್ತಾ ಚಾನೆಲನ್ನು ಯೂಟ್ಯೂಬ್‌ನಲ್ಲಿ ಲೈವ್ ಹಾಕಿ ಕೂತರೆ ಲೈಸೆನ್ಸ್ ಬೇಕು, ಅದೇ ಯೂಟ್ಯೂಬ್‌ನಲ್ಲಿ ಯಾರೋ ಏರಿಸಿದ ಕಳೆದ ವರ್ಷದ ಯಕ್ಷಗಾನದ ವಿಡಿಯೊಕ್ಕೆ ಬೇಡ. ಧಾರಾವಾಹಿಯ ಸಂಚಿಕೆಯನ್ನು ಆಪ್‌ನಲ್ಲಿ ಮರುದಿನ ನೋಡುವುದಕ್ಕೂ ಬೇಡ. ಲೈಸೆನ್ಸ್ ಇಲ್ಲದೆ ನೋಡಿ ಕೋರ್ಟಿಗೆ ಹೋದರೆ ದಂಡ 1,000 ಪೌಂಡ್‌ವರೆಗೆ ಬೀಳಬಹುದು. ವೀಸಾದ ಮೇಲೆ ಇರುವವರು ಇಂಥ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲೇಬಾರದು.

ಬಾಡಿಗೆ ಕರಾರು ಪತ್ರವನ್ನು ಸರಿಯಾಗಿ ಓದಿ. ನಾಲ್ಕು ಮಂದಿ ಸೇರಿ ಇಡೀ ಮನೆಯನ್ನು ಒಂದೇ ಕರಾರಿನಲ್ಲಿ ಹಿಡಿದಿದ್ದರೆ ಒಂದು ಲೈಸೆನ್ಸ್ ಸಾಕು. ಕೋಣೆಗೊಂದು ಕರಾರಾದರೆ, ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ಹೀಗಿರುವುದುಂಟು, ಕೋಣೆಯೊಳಗೆ ನೋಡುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಬೇಕು. ಇನ್ನೊಂದು ಸಣ್ಣ ನಿಯಮ ಡ್ಯೂಟಿಯವರಿಗೆ ಉಪಕಾರಿ: ಮನೆಯಲ್ಲಿ ಲೈಸೆನ್ಸ್ ಇದ್ದರೆ ಹೊರಗೆ ಫೋನ್‌ನಲ್ಲಿ ಲೈವ್ ನೋಡಬಹುದು, ಆದರೆ ಫೋನ್ ತನ್ನ ಬ್ಯಾಟರಿಯಲ್ಲೇ ನಡೆಯುತ್ತಿರಬೇಕು. ವಿಶ್ರಾಂತಿ ಕೋಣೆಯಲ್ಲಿ ಚಾರ್ಜರ್ ಸಿಕ್ಕಿಸಿಕೊಂಡು ನೋಡಿದರೆ ಆ ರಿಯಾಯಿತಿ ಸಿಗದು.

ತಿಂಗಳ ಕಂತಿನಲ್ಲಿ ಕಟ್ಟುವುದಾದರೆ ಮೊದಲ ವರ್ಷದ ಹಣವನ್ನು ಆರು ತಿಂಗಳಲ್ಲೇ ತೆಗೆದುಕೊಳ್ಳುತ್ತಾರೆ, ಆಮೇಲೆ ಕಂತು ಅರ್ಧಕ್ಕೆ ಇಳಿಯುತ್ತದೆ. ಸಂಬಳ ಕೈಗೆ ಬರುವ ಮೊದಲ ತಿಂಗಳುಗಳಲ್ಲಿ ಇದು ನೆನಪಿರಲಿ.

ಟೀವಿಯನ್ನು ಊರಲ್ಲೇ ಬಿಟ್ಟು ಹೋಗಿ. ಕರೆಂಟ್ ಎರಡೂ ಕಡೆ 230 ವೋಲ್ಟ್ ಹೌದು, ಆದರೆ ಪ್ಲಗ್ ಬೇರೆ, ವಿಮಾನದಲ್ಲಿ ಸ್ಕ್ರೀನ್ ಒಡೆಯುವ ಭಯ ಬೇರೆ. ಅಲ್ಲಿನ ಫ್ರೀವ್ಯೂ ಪ್ರಸಾರಕ್ಕೆ ಹೇಳಿ ಮಾಡಿಸಿದ ಟೀವಿ ಅಲ್ಲೇ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಕೂಡ ಧಾರಾಳ. ಡಿಟಿಎಚ್ ಬಾಕ್ಸ್ ಅಂತೂ ಖಂಡಿತ ಬೇಡ. ಟಾಟಾ ಪ್ಲೇ ಉಪಗ್ರಹ ಇರುವುದು 83 ಡಿಗ್ರಿ ಪೂರ್ವದಲ್ಲಿ. ಮಂಗಳೂರಿನ ತಾರಸಿಯಲ್ಲಿ ಡಿಶ್ ಸುಮಾರು 70 ಡಿಗ್ರಿ ಮೇಲಕ್ಕೆ, ಹೆಚ್ಚುಕಡಿಮೆ ನೆತ್ತಿಯ ಕಡೆಗೇ ನೋಡುತ್ತದೆ. ಬ್ರಿಟನ್ನಿನಿಂದ ಅದೇ ಉಪಗ್ರಹ ದಿಗಂತದ ಕೆಳಗೆ ಹೋಗಿಬಿಡುತ್ತದೆ, ಎಷ್ಟು ದೊಡ್ಡ ಡಿಶ್ ಇಟ್ಟರೂ ಕಾಣದು.

ಫ್ರೀವ್ಯೂ ಎಂದರೆ ಗಾಳಿಯಲ್ಲಿ ಬರುವ ಡಿಜಿಟಲ್ ಪ್ರಸಾರ, 2002ರಲ್ಲಿ ಶುರುವಾದದ್ದು. ಲೈಸೆನ್ಸ್ ಬಿಟ್ಟರೆ ತಿಂಗಳ ಬಾಡಿಗೆ ಇಲ್ಲ, ಕೇಬಲ್‌ನವನು ಬಾಗಿಲಿಗೆ ಬರುವುದೂ ಇಲ್ಲ. ಗೋಡೆಯಲ್ಲಿ ಆಂಟೆನಾ ಸಾಕೆಟ್ ಇರುತ್ತದೆ. ವಯರ್ ಸಿಕ್ಕಿಸಿ, ಮೆನುವಿನಲ್ಲಿ ಆಂಟೆನಾ ಆರಿಸಿ, ಕೇಳಿದರೆ ಪೋಸ್ಟ್‌ಕೋಡ್ ಕೊಟ್ಟು ಆಟೊ ಟ್ಯೂನ್ ಒತ್ತಿ. ಬಿಬಿಸಿ ಒನ್ 1ರಲ್ಲಿ, ಐಟಿವಿ 3ರಲ್ಲಿ ಕೂರುತ್ತವೆ. ಚಿತ್ರ ಚೌಕ ಚೌಕವಾಗಿ ಒಡೆದು ಶಬ್ದ ತುಂಡಾದರೆ ಸಿಗ್ನಲ್ ಸಾಲದು ಎಂದರ್ಥ. ಮೊದಲು ಎರಡೂ ತುದಿಯ ಪ್ಲಗ್ ಬಿಗಿ ಮಾಡಿ. ಕೋಣೆಯೊಳಗಿನ ಆಂಟೆನಾ ಆದರೆ ಕಿಟಕಿಯ ಬಳಿ, ಎತ್ತರದಲ್ಲಿ ಇಡಿ. ಮ್ಯಾಂಚೆಸ್ಟರಿಗೆ ಮುಖ್ಯ ಗೋಪುರ ವಾಯವ್ಯದ ವಿಂಟರ್ ಹಿಲ್, ಅದಕ್ಕೆ ಆಂಟೆನಾದ ಕಡ್ಡಿಗಳು ಅಡ್ಡಡ್ಡ ಇರಬೇಕು. ಗುಡ್ಡದ ಮರೆಯ ಊರುಗಳಿಗೆ ಸಣ್ಣ ಗೋಪುರಗಳಿವೆ, ಅವುಗಳಿಗೆ ಸಾಮಾನ್ಯವಾಗಿ ಕಡ್ಡಿಗಳು ನೆಟ್ಟಗೆ ನಿಲ್ಲಬೇಕು. ಯಾವುದೆಂದು ತಿಳಿಯದಿದ್ದರೆ ಅಕ್ಕಪಕ್ಕದ ಮಾಡಿನ ಮೇಲಿನ ಆಂಟೆನಾ ಹೇಗಿದೆ ನೋಡಿ.

ಮಳೆಗೆ ನಮ್ಮ ಡಿಶ್‌ನಂತೆ ಇದು ಕೈಕೊಡುವುದಿಲ್ಲ. ತೊಂದರೆ ಬರುವುದು ಗಾಳಿಯಿಲ್ಲದ, ಶುಭ್ರವಾದ, ವಾಯುಭಾರ ಏರಿದ ದಿನಗಳಲ್ಲಿ. ಆಗ ದೂರದ ಗೋಪುರಗಳ ಸಿಗ್ನಲ್ ಬಂದು ಅಡ್ಡಿ ಮಾಡುತ್ತದೆ. ಅಂಥ ದಿನ ರೀಟ್ಯೂನ್ ಮಾಡಬೇಡಿ, ಮಾಡಿದರೆ ಇದ್ದ ಚಾನೆಲ್‌ಗಳೂ ಅಳಿಸಿಹೋಗಬಹುದು. ಒಂದೆರಡು ದಿನ ಕಾದರೆ ತಾನಾಗಿ ಸರಿಹೋಗುತ್ತದೆ.

ಇನ್ನು ಪ್ರಯೋಜನದ ಮಾತು. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರಿಗೆ ಇಂಗ್ಲಿಷ್ ಬರುತ್ತದೆ, ಪರೀಕ್ಷೆ ಪಾಸಾಗಿಯೇ ಹೋಗುತ್ತೀರಿ. ಆದರೆ ವಾರ್ಡಿನಲ್ಲಿ ಎಂಬತ್ತರ ಅಜ್ಜಿ ಆಡುವ ಮಾತು ಪುಸ್ತಕದ್ದಲ್ಲ. ‘ಪೂರ್ಲಿ’ ಎಂದರೆ ಬಡವರಲ್ಲ, ಮೈ ಹುಷಾರಿಲ್ಲ ಎಂದು. ‘ಸ್ಪೆಂಡ್ ಎ ಪೆನ್ನಿ’ ಎಂದರೆ ಮೂತ್ರಕ್ಕೆ ಹೋಗಬೇಕು ಎಂದು. ‘ನೌಟ್’ ಎಂದರೆ ಏನೂ ಇಲ್ಲ. ಉತ್ತರದ ಕಡೆ ‘ಟೀ’ ಎಂದರೆ ಅನೇಕರಿಗೆ ಸಂಜೆಯ ಊಟ, ಬರೀ ಚಹಾ ಕೊಟ್ಟರೆ ಅಜ್ಜಿ ಹಸಿದೇ ಇರುತ್ತಾರೆ. ಈ ಮಾತು ಕಿವಿಗೆ ಬೀಳಲು ಟೀವಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ನೀವು ಹೋಗುವ ಸೀಮೆಯ ಧಾರಾವಾಹಿಯನ್ನೇ ಹಿಡಿಯಿರಿ. ನಿಮಗೆ ಐಟಿವಿಯ ಕೊರೊನೇಶನ್ ಸ್ಟ್ರೀಟ್. 1960ರಿಂದ ನಡೆಯುತ್ತಿದೆ, ಮಾತು ಪೂರ್ತಿ ಮ್ಯಾಂಚೆಸ್ಟರ್ ಕಡೆಯದ್ದು. ಯಾರ್ಕ್‌ಶೈರಿಗೆ ಹೋಗುವವರಿಗೆ ಎಮರ್‌ಡೇಲ್, ಲಂಡನ್ನಿನವರಿಗೆ ಬಿಬಿಸಿಯ ಈಸ್ಟ್‌ಎಂಡರ್ಸ್. ರಿಮೋಟಿನ ಸಬ್‌ಟೈಟಲ್ ಬಟನ್ ಒತ್ತಿ ನೋಡಿ. ವಾರ್ತೆಯಿಂದ ಶುರು ಮಾಡಬೇಡಿ: ಲೈವ್ ಕಾರ್ಯಕ್ರಮಕ್ಕೆ ಒಬ್ಬರು ಕೇಳಿದ್ದನ್ನು ಕೇಳಿದ ಹಾಗೆ ಕಂಪ್ಯೂಟರಿಗೆ ಮತ್ತೆ ಸ್ಪಷ್ಟವಾಗಿ ಹೇಳುತ್ತಾ, ಅಲ್ಪವಿರಾಮ ಪೂರ್ಣವಿರಾಮವನ್ನೂ ಬಾಯಲ್ಲೇ ಹೇಳುತ್ತಾ ಅಕ್ಷರ ಮೂಡಿಸುತ್ತಾರೆ. ಹಾಗಾಗಿ ಅಕ್ಷರ ಕೆಲವು ಸೆಕೆಂಡ್ ಹಿಂದೆ ಬೀಳುತ್ತದೆ, ಆಗಾಗ ತಪ್ಪೂ ಇರುತ್ತದೆ. ಧಾರಾವಾಹಿಗೆ ಮೊದಲೇ ತಯಾರಿಸಿರುವುದರಿಂದ ತುಟಿ, ದನಿ, ಅಕ್ಷರ ಮೂರೂ ಒಟ್ಟಿಗೆ ಬರುತ್ತವೆ. ಮೊದಲು ಅಕ್ಷರದೊಂದಿಗೆ ನೋಡಿ, ಅದೇ ಸಂಚಿಕೆಯನ್ನು ಅಕ್ಷರ ತೆಗೆದು ಇನ್ನೊಮ್ಮೆ ಕೇಳಿ. ಕಿವಿ ಪಳಗಿದ ಮೇಲೆ ಸಂಜೆ 6.30ಕ್ಕೆ ಬಿಬಿಸಿ ಒನ್‌ನ ಪ್ರಾದೇಶಿಕ ವಾರ್ತೆಗೆ ಬನ್ನಿ. ನಮ್ಮ ಲೋಕಲ್ ಚಾನೆಲಿನಂತೆ ಆ ಊರಿನದ್ದೇ ರಸ್ತೆ, ಆಸ್ಪತ್ರೆ, ಹವೆಯ ಸುದ್ದಿ. ಕಿರುಚಾಟ ಇಲ್ಲ, ಬಿಬಿಸಿಯಾದ್ದರಿಂದ ಜಾಹೀರಾತೂ ಇಲ್ಲ.

ಕನ್ನಡ ಸಿಗುತ್ತದೆ, ಆಪ್‌ಗಳಲ್ಲಿ. ಝೀ5, ಸನ್ ನೆಕ್ಸ್ಟ್ ಎರಡಕ್ಕೂ ಹೊರದೇಶದ ಪ್ಲಾನ್ ಇದೆ. ಊರಿನ ರೀಚಾರ್ಜ್ ಜೊತೆ ಬಂದ ಪ್ಯಾಕನ್ನು ನಂಬಿ ಹೋಗಬೇಡಿ. ಎಲ್ಲಾ ಚಾನೆಲ್ ಕಡಿಮೆಗೆ ಕೊಡುತ್ತೇವೆ ಎಂದು ಮಾರುವ ಕಳ್ಳ ಬಾಕ್ಸ್‌ಗಳು ಅಲ್ಲಿ ಕಾನೂನುಬಾಹಿರ. ಇಲ್ಲಿಯ ರಾತ್ರಿ 7.30ರ ಸಂಚಿಕೆ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ, ಬೇಸಿಗೆಯಲ್ಲಿ 3ಕ್ಕೆ ಬೀಳುತ್ತದೆ. ಡ್ಯೂಟಿ ಮುಗಿಸಿ ಬಂದು ನೋಡುವುದೇ ಆಗುತ್ತದೆ, ಅದಕ್ಕೆ ಲೈಸೆನ್ಸಿನ ಪ್ರಶ್ನೆಯೂ ಇಲ್ಲ.

ಅಪ್ಪ ಅಮ್ಮ ಬಂದಾಗ ಒಂದು ನೆನಪಿರಲಿ: ಅಲ್ಲಿಯ ಚಾನೆಲ್‌ಗಳು ರಾತ್ರಿ 9ರವರೆಗೆ ಮಕ್ಕಳಿಗೆ ಸಲ್ಲದ್ದನ್ನು ಹಾಕುವಂತಿಲ್ಲ, 9 ದಾಟಿದ ಮೇಲೆ ಬೈಗುಳ, ಬೆತ್ತಲೆ ಎಲ್ಲ ಬರಬಹುದು.

ಮನೆ ಬದಲಿಸಿದರೆ ಲೈಸೆನ್ಸಿನ ವಿಳಾಸವನ್ನೂ ಆನ್‌ಲೈನ್‌ನಲ್ಲಿ ಬದಲಿಸಿ, ಅದು ತಾನಾಗಿ ನಿಮ್ಮ ಹಿಂದೆ ಬರುವುದಿಲ್ಲ. ದೇಶ ಬಿಟ್ಟು ಊರಿಗೆ ಹೊರಟಾಗ ಅವಧಿಯಲ್ಲಿ ಕನಿಷ್ಠ ಒಂದು ಪೂರ್ತಿ ತಿಂಗಳು ಉಳಿದಿದ್ದರೆ ಉಳಿದ ಹಣ ವಾಪಸ್ ಕೇಳಬಹುದು. ಅಲ್ಲಿಯ ಬ್ಯಾಂಕ್ ಖಾತೆ ಮುಚ್ಚುವ ಮೊದಲೇ ಅರ್ಜಿ ಹಾಕಿ.