ಫೋರ್ಟ್ ಕೊಚ್ಚಿ ಸುತ್ತೋಕೆ ಗೈಡ್ ಬೇಕಾ? ಮೊದಲು ಆ ಶನಿವಾರ ಬದಲಾಯಿಸಿ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ರೈಲು, ಶನಿವಾರ ಇಡೀ ದಿನ ಫೋರ್ಟ್ ಕೊಚ್ಚಿ, ಜೊತೆಗೆ ವಯಸ್ಸಾದ ಅಪ್ಪ. ಗೈಡ್ ಜೊತೆ ಸಣ್ಣ ಗುಂಪಿನಲ್ಲಿ ನಡೆಯೋದಾ, ಗೂಗಲ್ ಮ್ಯಾಪ್ ಸಾಕಾ ಅಂತ ಕೇಳಿದ್ದೀರಿ. ಓದಿ ಎದೆ ಝಲ್ ಅಂತು. ನಾನೂ ಹೀಗೇ ಹೋಗಿದ್ದೆ, ಅದೂ ಶನಿವಾರವೇ.

ನಮ್ಮಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಫೋರ್ಟ್ ಕೊಚ್ಚಿ ಪಕ್ಕದ ಮಟ್ಟಾಂಚೇರಿಯಲ್ಲಿ 1568ರ ಒಂದು ಸಿನಗಾಗ್ ಇದೆ, ಯಹೂದಿಗಳ ಪ್ರಾರ್ಥನಾ ಮಂದಿರ. ಅದರ ನೆಲಕ್ಕೆ ಚೀನಾದಿಂದ ತಂದ ನೀಲಿ ಚಿತ್ರದ ಟೈಲ್ಸ್. ಎಲ್ಲವೂ ಕೈಯಲ್ಲಿ ಬರೆದದ್ದು, ಒಂದರಂತೆ ಇನ್ನೊಂದಿಲ್ಲ ಅಂತ ಹೇಳುತ್ತಾರೆ. ಹೌದೋ ಅಲ್ಲವೋ ಕಣ್ಣಾರೆ ನೋಡಬೇಕು ಅನ್ನೋದು ಅಪ್ಪನ ಎಷ್ಟೋ ವರ್ಷದ ಆಸೆ.

ಬೆಳಿಗ್ಗೆ ಗೈಡ್ ಜೊತೆ ಏಳು ಜನ ಹೊರಟೆವು. ಮೀನು ಹಿಡಿಯೋ ದೊಡ್ಡ ಚೀನೀ ಬಲೆಗಳ ಹತ್ತಿರ ಹದಿನೈದು ನಿಮಿಷ ನಿಲ್ಲಿಸಿದರು. ಹಗ್ಗಕ್ಕೆ ಒಂದರ ಕೆಳಗೊಂದು ಗುಂಡುಕಲ್ಲು ಕಟ್ಟಿದ್ದರು. ಬಲೆ ನೀರಿಗಿಳಿದ ಹಾಗೆ ಕಲ್ಲುಗಳು ಒಂದೊಂದಾಗಿ ಮೇಲೇಳುತ್ತವೆ. ಆ ತೂಕ ಸರಿಯಿದ್ದರೆ, ಮರದ ದಿಮ್ಮಿ ಮೇಲೆ ಒಬ್ಬ ನಡೆದು ಹೋದರೂ ಸಾಕು, ಅಷ್ಟು ದೊಡ್ಡ ಬಲೆ ನೀರಿಗಿಳಿಯುತ್ತೆ. ಸೇಂಟ್ ಫ್ರಾನ್ಸಿಸ್ ಚರ್ಚ್‌ನಲ್ಲಿ ಎಲ್ಲರೂ ವಾಸ್ಕೋ ಡ ಗಾಮನ ಸಮಾಧಿ ಕಲ್ಲಿನ ಫೋಟೋ ತೆಗೆಯುತ್ತಿದ್ದರು. ಅವನು 1524ರಲ್ಲಿ ಕೊಚ್ಚಿಯಲ್ಲೇ ಸತ್ತದ್ದು. ಮೂಳೆಗಳನ್ನು ಆಮೇಲೆ ಪೋರ್ಚುಗಲ್‌ಗೆ ಸಾಗಿಸಿದರು. ನಮ್ಮ ಗೈಡ್ ಮಾತ್ರ ತಲೆ ಎತ್ತಿ ನೋಡಿ ಅಂದರು. ಮೇಲೆ ಉದ್ದುದ್ದ ಬಟ್ಟೆಯ ಪಂಖಗಳು. ಒಳಗಿನವರಿಗೆ ಗಾಳಿ ಬೀಸೋಕೆ ಹೊರಗೆ ಕೂತವರು ಹಗ್ಗ ಎಳೆಯುತ್ತಿದ್ದರಂತೆ. ಮ್ಯಾಪ್ ಹಿಡಿದು ಹೋಗಿದ್ದರೆ ನಾನಂತೂ ತಲೆ ಎತ್ತುತ್ತಿರಲಿಲ್ಲ.

ವಾಕ್ ಮುಗಿದ ಮೇಲೆ ಆಟೋ ಹಿಡಿದು ಮಟ್ಟಾಂಚೇರಿಗೆ ಹೋದೆವು. ಸಿನಗಾಗ್ ಬಾಗಿಲು ಹಾಕಿತ್ತು.

ತಪ್ಪು ಪೂರ್ತಿ ನನ್ನದು. ರೈಲಿನಲ್ಲಿ ಲೋಯರ್ ಬರ್ತ್ ನೋಡಿದ್ದೆ, ಮಳೆ ನೋಡಿದ್ದೆ, ಹೋಟೆಲಿಗೆ ಲಿಫ್ಟ್ ಇದೆಯಾ ಅಂತ ಫೋನ್ ಮಾಡಿ ಕೇಳಿದ್ದೆ. ಶನಿವಾರ ಯಹೂದಿಗಳಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ ಅನ್ನೋದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ, ಚಿಕ್ಕವನಿದ್ದಾಗ ಅಪ್ಪನೇ ಹೇಳಿಕೊಟ್ಟಿದ್ದರು. ಆದರೆ ನೋಡೋ ಜಾಗ ಅಂದಮೇಲೆ ವೀಕೆಂಡ್‌ನಲ್ಲಿ ತೆರೆದೇ ಇರುತ್ತೆ ಅಂದುಕೊಂಡೆ. ನಾನು ಬುಕ್ ಮಾಡಿದ ವಾಕ್ ಫೋರ್ಟ್ ಕೊಚ್ಚಿಗೆ ಮಾತ್ರ ಇತ್ತು, ಹಾಗಾಗಿ ಗೈಡ್ ಹತ್ತಿರ ಮಟ್ಟಾಂಚೇರಿ ಮಾತೇ ಎತ್ತಿರಲಿಲ್ಲ. ಭಾನುವಾರ ಬೆಳಿಗ್ಗೆಯೇ ವಾಪಸ್ ಟಿಕೆಟ್. ಅಪ್ಪ ಬಾಗಿಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ಇವತ್ತು ಶನಿವಾರ ಅಲ್ವೇನೋ" ಅಂದರು. ಬೈಯಲಿಲ್ಲ.

ಅದಕ್ಕೇ ಹೇಳ್ತೀನಿ, ಗೈಡೋ ಮ್ಯಾಪೋ ಅನ್ನೋದು ಆಮೇಲಿನ ಮಾತು. ಒಂದು ದಿನ ರಜೆ ಹಾಕಿ, ಸೋಮವಾರ ಹೋಗಿ. ಶುಕ್ರವಾರ ಪಕ್ಕದ ಮಟ್ಟಾಂಚೇರಿ ಅರಮನೆಗೆ ರಜ, ಅಲ್ಲಿನ ರಾಮಾಯಣದ ಭಿತ್ತಿಚಿತ್ರ ತಪ್ಪಿಸಿಕೊಳ್ಳಬೇಡಿ. ಸಿನಗಾಗ್ ಮಧ್ಯಾಹ್ನವೂ ಮುಚ್ಚುತ್ತೆ, ಬೆಳಿಗ್ಗೆ ಅದನ್ನೇ ಮೊದಲು ನೋಡಿ. ಗೈಡ್ ಖಂಡಿತ ಇರಲಿ. ಆದರೆ ಎಂಟು ಜನಕ್ಕಿಂತ ಜಾಸ್ತಿ ಇದ್ದರೆ ಬೇಡವೇ ಬೇಡ, ಹಿಂದೆ ನಿಧಾನಕ್ಕೆ ಬರೋ ಅಪ್ಪನಿಗೆ ಒಂದು ಮಾತೂ ಕೇಳಿಸಲ್ಲ.

ನಮ್ಮಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ಇನ್ನು ಅಷ್ಟು ದೂರ ಆಗಲ್ಲ. ನೀವು ಹೋಗಿ ಬಂದಮೇಲೆ ಆ ಟೈಲ್ಸ್ ಬಗ್ಗೆ ಇಲ್ಲೇ ನಾಲ್ಕು ಸಾಲು ಬರೆಯಿರಿ. ಒಂದೇ ತರದವು ಎರಡು ಸಿಕ್ಕವಾ ಅಂತ. ಅಪ್ಪನಿಗೆ ಓದಿ ಹೇಳ್ತೀನಿ.