ಹಾಫ್ ಮ್ಯಾರಥಾನ್ ಓಡಲಾ, ಟ್ರಯಥ್ಲಾನ್‌ಗೆ ಕಾಲು ಉಳಿಸಿಕೊಳ್ಳಲಾ?

ಪ್ರಶ್ನೆ: ಸರ್, ನಾನು ಕಲಬುರಗಿಯವನು, ವಯಸ್ಸು 36, ಬ್ಯಾಂಕ್ ಕೆಲಸ. ಮಾರ್ಚ್ ಕೊನೆಗೆ ನನ್ನ ಮೊದಲ ಟ್ರಯಥ್ಲಾನ್ ಇದೆ (1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ). ಅದಕ್ಕೂ ನಾಲ್ಕು ವಾರ ಮೊದಲು, ಫೆಬ್ರವರಿ ಕೊನೆಗೆ, ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವ ಒಂದು ಹಾಫ್ ಮ್ಯಾರಥಾನ್ ಇಲ್ಲೇ ನಡೆಯುತ್ತಿದೆ. 2 ಗಂಟೆಯೊಳಗೆ ಮುಗಿಸ್ತೀನಿ ಅಂತ ಹೇಳಿ ಆಫೀಸಿನವರಿಂದ ದೇಣಿಗೆ ತಗೊಂಡಿದ್ದೇನೆ. 10 ಕಿ.ಮೀ. 58 ನಿಮಿಷದಲ್ಲಿ ಓಡುತ್ತೇನೆ. ಈವರೆಗೆ ಓಡಿದ ಅತಿ ಹೆಚ್ಚು ದೂರ 14 ಕಿ.ಮೀ. ಈ ಹಾಫ್ ಓಡಿದರೆ ಟ್ರಯಥ್ಲಾನ್ ತಯಾರಿ ಕೆಡುತ್ತದಾ?

ಉತ್ತರ: ಓಡಿ. ಆದರೆ ಆ 2 ಗಂಟೆಯ ಮಾತನ್ನು ಈಗಲೇ ವಾಪಸ್ ತಗೊಳ್ಳಿ. ಲೆಕ್ಕ ಹಾಕಿ ನೋಡಿ: 21.1 ಕಿ.ಮೀ.ಯನ್ನು 2 ಗಂಟೆಯಲ್ಲಿ ಮುಗಿಸಬೇಕಾದರೆ ಪ್ರತಿ ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್. ನಿಮ್ಮ 10 ಕಿ.ಮೀ. ವೇಗವೇ 5:48. ಅಂದರೆ ನೀವು ಹತ್ತಕ್ಕೆ ಓಡುವುದಕ್ಕಿಂತ ಜೋರಾಗಿ ಇಪ್ಪತ್ತೊಂದು ಓಡಬೇಕು, ಅದು ಆಗುವ ಮಾತಲ್ಲ. ಇನ್ನು ದೇಣಿಗೆ ಕೊಟ್ಟವರು ಮಕ್ಕಳಿಗಾಗಿ ಕೊಟ್ಟಿದ್ದಾರೆ, ನಿಮ್ಮ ವಾಚ್ ನೋಡಿ ಅಲ್ಲ.

ಈ ಓಟವನ್ನು ಆ ವಾರದ ಲಾಂಗ್ ರನ್ (ವಾರಕ್ಕೊಮ್ಮೆ ನಿಧಾನಕ್ಕೆ ಓಡುವ ದೂರದ ಓಟ) ಅಂದುಕೊಳ್ಳಿ. ಮೊದಲ 15 ಕಿ.ಮೀ. 6:45ರ ಆಸುಪಾಸು, ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ಆರಾಮಾಗಿ. ಕಾಲು ಚೆನ್ನಾಗಿದ್ದರೆ ಕೊನೆಯ ಆರು ಕಿ.ಮೀ. 6:15ಕ್ಕೆ ಏರಿಸಿ. ಒಟ್ಟು 2 ಗಂಟೆ 20 ನಿಮಿಷ ಆಗುತ್ತದೆ, ಮೊದಲ ಹಾಫ್‌ಗೆ ಚೆನ್ನಾಗೇ ಇದೆ. ಈ ಸಂಯಮ ಯಾಕೆ ಅಂದರೆ, ಮೂರರಲ್ಲಿ ಮೈಯನ್ನು ಜಾಸ್ತಿ ಹಣ್ಣು ಮಾಡುವುದು ಓಟವೇ. ಸೈಕಲ್ ಮೇಲೆ ಭಾರ ಸೀಟು ಹೊರುತ್ತದೆ, ಈಜಿನಲ್ಲಿ ನೀರು ಹೊರುತ್ತದೆ, ಓಟದಲ್ಲಿ ಮಾತ್ರ ಪ್ರತಿ ಹೆಜ್ಜೆಗೂ ನಿಮ್ಮ ತೂಕದ ಎರಡು ಪಟ್ಟಿಗೂ ಹೆಚ್ಚು ಪೆಟ್ಟು ಕಾಲಿಗೆ ಬೀಳುತ್ತದೆ. ಉಸಿರು ಸಂಜೆಯೊಳಗೆ ಸರಿಹೋದರೂ ತೊಡೆಯ ಸ್ನಾಯು ಸರಿಹೋಗಲು ದಿನಗಳೇ ಬೇಕು. ಜೀವ ಬಿಟ್ಟು ಓಡಿದರೆ ನಾಲ್ಕು ವಾರದಲ್ಲಿ ಒಂದೂವರೆ ವಾರ ಹೋಯಿತು ಅಂತಲೇ ಲೆಕ್ಕ.

ಅಲ್ಲಿಯವರೆಗಿನ ಲಾಂಗ್ ರನ್: 15, ಆಮೇಲೆ 17, ಓಟದ ಹಿಂದಿನ ವಾರ 12 ಸಾಕು. 21 ಓಡಿ ಪರೀಕ್ಷೆ ಮಾಡಬೇಕಿಲ್ಲ. ಅಪ್ಪನ ಕೆರೆ ಸುತ್ತ ಓಡುವವರಾದರೆ ಒಂದೇ ದಿಕ್ಕಿಗೆ ಸುತ್ತಬೇಡಿ, ಆಗಾಗ ತಿರುಗಿ. ರಿಂಗ್ ರೋಡ್‌ನಲ್ಲಿ ನಸುಕಿಗೆ ಲಾರಿಗಳಿರುತ್ತವೆ, ಎದುರಿಂದ ಬರುವ ಗಾಡಿ ಕಾಣುವ ಹಾಗೆ ಬಲಬದಿಗೆ ಓಡಿ, ಮೈಮೇಲೆ ಹೊಳೆಯುವ ಪಟ್ಟಿ ಇರಲಿ.

ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾ? ಫೆಬ್ರವರಿ ಕೊನೆಗೆ ಎಂಟೂವರೆಗೇ ಚುರುಕು ತಾಗುತ್ತದೆ, ನೀವಿನ್ನೂ ರಸ್ತೆ ಮೇಲೇ ಇರುತ್ತೀರಿ. ಬಾಯಾರಿದಾಗ ಕುಡಿಯಿರಿ, ಸಿಕ್ಕ ಕಡೆಯೆಲ್ಲ ಬರೀ ನೀರನ್ನು ಹೊಟ್ಟೆ ತುಂಬಿಸಬೇಡಿ, ರಕ್ತದ ಸೋಡಿಯಂ ಕಡಿಮೆಯಾದರೆ ಅದೂ ಅಪಾಯವೇ. ನಡುನಡುವೆ ಓಆರ್‌ಎಸ್ ಇರಲಿ. ತಲೆ ಸುತ್ತಿದರೆ, ಚಳಿ ಬಂದ ಹಾಗಾದರೆ ನಿಂತುಬಿಡಿ. ಓಟಕ್ಕೆ ಮುಂಚೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಬೇಡ, ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಿಡ್ನಿಗೆ ಹೊರೆ.

ಹಿಂದಿನ ರಾತ್ರಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಿಟ್ಟು ಅನ್ನ, ತಿಳಿ ಬೇಳೆ ಉಣ್ಣಿ. ರೊಟ್ಟಿ ಕೆಟ್ಟದ್ದಲ್ಲ, ಆದರೆ ನಾರು ಜಾಸ್ತಿ, ನಡುದಾರಿಯಲ್ಲಿ ಹೊಟ್ಟೆ ಕಾಡಬಹುದು. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು, ಖರ್ಜೂರ ಆದರೂ ಸರಿ, ಓಟಗಾರರು ನುಂಗುವ ಎನರ್ಜಿ ಜೆಲ್ ಆದರೂ ಸರಿ, ಅಭ್ಯಾಸದಲ್ಲಿ ತಿಂದು ನೋಡಿದ್ದೇ ಆಗಿರಬೇಕು. ಮುಗಿದ ಮೇಲೆ ಸುಸಲಾ, ಮಿರ್ಚಿ ನಿಮ್ಮಿಷ್ಟ.

ಹಿಂದಿನ ದಿನ ಸೈಕಲ್ ಬೇಕಾದರೆ ಅರ್ಧ ಗಂಟೆ, ಸುಮ್ನೆ ಪೆಡಲ್ ತಿರುಗಿಸಿ ಬನ್ನಿ. ಓಟದ ಮರುದಿನ ವಿಶ್ರಾಂತಿ, ಮಂಗಳವಾರ ಈಜು. ನೋವು ಎರಡನೇ ದಿನವೇ ಜಾಸ್ತಿ ಇರುತ್ತದೆ, ಗಾಬರಿ ಬೇಡ. ಬುಧವಾರ ಹಗುರ ಸೈಕಲ್, ಶುಕ್ರವಾರ ಮೆಟ್ಟಿಲು ಇಳಿಯುವಾಗ ತೊಡೆ ನೋಯದಿದ್ದರೆ ಮಾತ್ರ ನಿಧಾನಕ್ಕೆ ಐದು ಕಿ.ಮೀ. ಓಟ. ಅದರ ಮುಂದಿನ ವಾರಾಂತ್ಯದಿಂದ 40 ಕಿ.ಮೀ. ಸೈಕಲ್ ಇಳಿದ ತಕ್ಷಣ ಶೂ ಬದಲಿಸಿ ಓಡುವ ಅಭ್ಯಾಸ ಶುರು ಮಾಡಿ. ನಿಮ್ಮ ಟ್ರಯಥ್ಲಾನ್‌ಗೆ ನಿಜವಾಗಿ ಬೇಕಾಗಿರುವುದು ಅದೇ.